ಡಾಕ್ಟರ ಕೈಗೆ ವಲ್ಲಿ ಹೊದಿಸಿದ್ದು

ಈ ನಾಗರ ಪಂಚಮಿಗೆ ಮಗಳನ್ನು ಧಾರವಾಡದಿಂದ ತವರಿಗೆ ಕರೆತರುವವನು ನಾನೇ, ಅದೂ ನನ್ನದೇ ಮೋಟಾರಿನಲ್ಲಿ, ನಾನೇ ನಡೆಸಿಕೊಂಡು! ಹೀಗೆಂದು ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲೆಲ್ಲ ಡಂಗುರ ಹೊಡೆದುಬಿಟ್ಟಿದ್ದೆ. ಬೀಗರಿಗೂ ಹೇಳಿ ಕಳಿಸಿದ್ದೆ. ಮಗಳು ಶಿವಲಿಂಗವ್ವ ಅತ್ತೆಮನೆಯ ಓಣಿಯಲ್ಲಿ, "ನಮ್ಮಪ್ಪ ತಾನಽ ಮೋಟಾರ ಹೊಡಕೊಂಡು ಬರ್ತಾನ" ಎಂದು ಹೇಳಿಕೊಂಡು ತಿರುಗುತ್ತಿದ್ದಳಂತೆ. ಇನ್ನು ಹಿಂದೆ ಸರಿಯುವ ಮಾತೇ ಇಲ್ಲ!

ಮೋಟಾರು ಹಳೆಯದು. ಹಳೇ ಹುಬ್ಬಳ್ಳಿಯ ಮಿಸ್ತ್ರಿ ನಿಜಾಮುದ್ದೀನ ಅದಕ್ಕೆ ಮರುಜನ್ಮ ಕೊಟ್ಟು, ಉಣಕಲ್ ಕೆರೆಯ ಕಡೆಗೆ ಕರೆದೊಯ್ದು ನನಗೆ ನಡೆಸಲು ಕಲಿಸಿದ. ಕಲಿಸಿ ಮುಗಿಸುವ ಹೊತ್ತಿಗೆ ಅವನ ಗಡ್ಡ ಬೆಳ್ಳಗಾಗಿತ್ತು. ಆದರೆ ನಾನು ಕಲಿತೆ!

ಅಷ್ಟರಲ್ಲಿ ಹೊಸ ಮೋಟಾರು ಕಾಯ್ದೆ ಬಂತು. ಲೈಸೆನ್ಸ್ ಕೊಡುವ ಸಾಹೇಬರು ನನ್ನ ನರೆತ ತಲೆಯನ್ನೂ ಹೊಟ್ಟೆಯನ್ನೂ ನೋಡಿ, "ಮೊದಲ ಡಾಕ್ಟರ ಸರ್ಟಿಫಿಕೇಟ್ ತರ್ರಿ" ಅಂದರು.

"ಸರ್ಟಿಫಿಕೇಟ್ ಅಂತ! ಹತ್ತಿ ಎಳಿ ನೋಡಿ ಊರು ಹೇಳೂ ಕಣ್ಣು ಇವು. ನನಗೇನ್ ಧಾಡಿ ಆಗೇತಿ?" ಎಂದು ಮನೆಗೆ ಬಂದು ಗುಡುಗಿದೆ.

"ಧಾಡಿ ಇಲ್ಲಂತ ಬರಿಸ್ಕೊಂಡು ಬರ್ರಿ, ಅಷ್ಟಽ" ಅಂದಳು ಹೆಂಡತಿ ಶಿವಬಸವ್ವ. "ನಾನೂ ಬರ್ತೇನಿ. ನಿಮ್ಮ ಬಾಯಿ ಕಾಯಾಕ ಒಬ್ಬರು ಬೇಕು."

"ಬಾಯಿ ಬಿಡಂಗಿಲ್ಲ, ಆಣಿ ಮಾಡಿ ಹೇಳ್ತೇನಿ!"

ಬಾಯನ್ನೇನೋ ಕಾಯ್ದೆವು. ಕೈಯನ್ನು ಕಾಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಡಾಕ್ಟರು ಬಹಳ ಶಿಸ್ತಿನ ಮನುಷ್ಯ. ಶಿವಬಸವ್ವನನ್ನು ಪರದೆಯ ಆಚೆ ಬೆಂಚಿನ ಮೇಲೆ ಕೂಡಿಸಿ ನನ್ನ ಪರೀಕ್ಷೆಗೆ ಇಳಿದರು. ಎದುರಿನ ಅಂಗಡಿಯ ಬೋರ್ಡು ಓದಿಸಿದರು, ಪಟಪಟ ಓದಿದೆ. ಗಡಿಯಾರವನ್ನು ಕಿವಿಯಿಂದ ದೂರ ಹಿಡಿದರು, ಟಿಕ್ ಟಿಕ್ ಕೇಳಿತು. ಒಂಟಿ ಕಾಲಿನಲ್ಲಿ ನಿಲ್ಲಿಸಿದರು, ನಿಂತೆ! ಸರ್ಟಿಫಿಕೇಟ್ ಬಂದೇ ಬಂತು ಎಂದು ಮನಸ್ಸಿನಲ್ಲೇ ಹೋಳಿಗೆ ಉಂಡೆ.

"ಕಡೀದಿಷ್ಟು. ಕೈಯಾಗ ಕಸುವು ಐತೇನು ನೋಡೂಣು. ನನ್ನ ಬೆರಳು ಗಟ್ಟಿ ಹಿಡೀರಿ" ಅಂದರು.

ಇಲ್ಲಿ ನಿಮಗೊಂದು ಮಾತು ಹೇಳಬೇಕು. ನಾನು ಹತ್ತಿಯ ದಲಾಲ. ನಮ್ಮ ಪೇಟೆಯಲ್ಲಿ ದರವನ್ನು ಬಾಯಿ ಬಿಟ್ಟು ಹೇಳುವುದಿಲ್ಲ, ನಾಲ್ಕು ಜನ ಕೇಳಿದರೆ ವ್ಯಾಪಾರ ಕೆಟ್ಟಂತೆಯೇ. ಕೈಗೆ ಕೈ ಕೂಡಿಸಿ, ಹೆಗಲ ಮೇಲಿನ ವಲ್ಲಿ ಎಳೆದು ಮೇಲೆ ಹೊದಿಸಿ, ಒಳಗೊಳಗೇ ಬೆರಳು ಒತ್ತಿ ದರ ಹೇಳುತ್ತೇವೆ. ಬಾಯಲ್ಲಿ ಮಾತ್ರ ಮಳೆ ಬೆಳೆಯ ಮಾತು. ಮೀಸೆ ಮೂಡುವ ಮೊದಲಿನಿಂದ ನಾನು ಮಾಡಿದ್ದು ಇದೊಂದೇ ಕೆಲಸ.

ಡಾಕ್ಟರ ಬೆರಳು ಕೈಗೆ ಬಂತೋ ಇಲ್ಲವೋ, ನನ್ನ ಎಡಗೈ ನನ್ನನ್ನು ಒಂದು ಮಾತೂ ಕೇಳದೆ ವಲ್ಲಿ ಎಳೆದು ಇಬ್ಬರ ಕೈಮೇಲೂ ಹೊದಿಸಿತು! ಬಲಗೈ ಡಾಕ್ಟರ ಬೆರಳುಗಳನ್ನು ಒಂದೊಂದಾಗಿ ಒತ್ತತೊಡಗಿತು! ಬಾಯಿ ಬೇರೆ, "ಈ ಸಲ ಮಳಿ ಛಲೋ ಆತಲ್ರಿ" ಎಂದಿತು!

ಡಾಕ್ಟರ ಮುಖ ಕೆಂಪಾಯಿತು. "ಪೇಟಿ ಮಂದಿ ವಲ್ಲಿ ಮರಿಯಾಗ ಬೆರಳು ಒತ್ತೂದು ನನಗೂ ಗೊತ್ತೈತ್ರಿ! ನನಗಽ ಲಂಚಾ ಕೊಡಾಕ ಬಂದೀರೇನು?"

"ಅಯ್ಯ, ಲಂಚಾ ಅಲ್ರಿ ಸಾಹೇಬ್ರ! ಅದು ಬರೇ ದರಾ ರಿ..."

"ದರಾ! ನನ್ನ ದರಾ ಕಟ್ಟಾಕತ್ತೀರಿ? ಯಂಕಣ್ಣಾ, ಹೋಗಿ ಪೋಲೀಸರನ್ನ ಕರಕೊಂಡು ಬಾ!"

ಕಂಪೌಂಡರ್ ಯಂಕಣ್ಣ ಚಪ್ಪಲಿ ಮೆಟ್ಟಿದ. ಬೀಗರ ಮನೆಯ ಕಟ್ಟೆಯ ಮೇಲೆ ಹೊಸ ಸೀರೆ ಉಟ್ಟು ದಾರಿ ನೋಡುವ ಮಗಳು ಕಣ್ಣ ಮುಂದೆ ನಿಂತಳು. ಅವಳ ಮುಖ ಸಣ್ಣದಾಗುವುದನ್ನು ನೆನೆದು ನಿಜವಾಗಿಯೂ ಅಳು ಬಂತು.

ಆಗ ಪರದೆ ಸರಿಸಿ ಶಿವಬಸವ್ವ ಒಳಗೆ ಬಂದಳು. "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ಇದು ಲಂಚಾ ಅಲ್ರಿ, ಇವರ ರೋಗ."

"ರೋಗ ಅನಬ್ಯಾಡಽ! ಅವರು ಬರಕೊಂಡಾರು!" ಎಂದು ನಾನು ಚೀರಿದೆ.

"ಯಾರ ಕೈ ಸಿಕ್ಕರೂ ವಲ್ಲಿ ಹೊಚ್ಚತಾರ್ರಿ. ನಮ್ಮ ಮದುವ್ಯಾಗ ಐನಾರು ನನ್ನ ಕೈ ಇವರ ಕೈಯಾಗ ಇಟ್ಟು ಶಾಲು ಹೊಚ್ಚಿದ್ರು. ಮಂದಿ ಎಲ್ಲಾ ಮ್ಯಾಲೆ ಅಕ್ಕಿಕಾಳು ಹಾಕಾಕತ್ತಿದ್ರ, ಇವರು ಒಳಗ ದರಾ ಒತ್ತಾಕತ್ತಿದ್ರು!"

ಡಾಕ್ಟರು ಅವಳನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಂಕಣ್ಣ ಚಪ್ಪಲಿ ಬಿಟ್ಟ. ಸರ್ಟಿಫಿಕೇಟಿಗೆ ಸಹಿ ಬಿತ್ತು! "ಒಂದಽ ಕರಾರು" ಅಂದರು ಡಾಕ್ಟರು. "ಮೋಟಾರ ನಡಸೂಮುಂದ ಹೆಗಲಮ್ಯಾಲೆ ವಲ್ಲಿ ಇರಬಾರದು ನೋಡ್ರಿ."

ಅಬ್ಬಾ! ಲೈಸೆನ್ಸ್ ಕಿಸೆಗೆ ಬಿದ್ದ ದಿನ ಮಾಡಿದಂಥ ನಿದ್ದೆ ನಾನು ಮತ್ತೆಂದೂ ಮಾಡಿಲ್ಲ.

ಪಂಚಮಿಗೆ ಮುಂಚೆ ಗಂಡ ಹೆಂಡತಿ ಇಬ್ಬರೇ ಧಾರವಾಡಕ್ಕೆ ಹೊರಟೆವು. ಬೈರಿದೇವರಕೊಪ್ಪದ ಹತ್ತಿರ ಎಂಜಿನ್ನು ಕಾದು ಹೊಗೆಯಾಡಿತು. ಅದು ಆರುವತನಕ ನಿಲ್ಲಿಸಿ, ಹಗುರಾದ ಮನಸ್ಸಿನಲ್ಲಿ ಕೇಳಿದೆ, "ಅಲ್ಲಽ, ಮದುವಿ ದಿನ ನಾ ಒತ್ತಿದ ದರಾ ನಿನಗ ತಿಳಿದಿತ್ತೇನು?"

"ನಮ್ಮಪ್ಪನೂ ದಲಾಲ ಅಲ್ಲೇನ್ರಿ?"

"ಹಂಗಾರ ಎಷ್ಟು ಒತ್ತಿದ್ನಿ, ಹೇಳು."

ಸುತ್ತಮುತ್ತ ನಾಲ್ಕು ಎಮ್ಮೆಗಳನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಆದರೂ ಅವಳು ನನ್ನ ಕೈಮೇಲೆ ಸೆರಗು ಹೊದಿಸಿ, ನಿಧಾನವಾಗಿ ಬೆರಳು ಒತ್ತಿದಳು. ಅದು ಹತ್ತಿಯ ದರವೇ ಅಲ್ಲ, ಎಮ್ಮೆಗೆ ಹಾಕುವ ಹತ್ತಿಕಾಳಿನ ದರ! ಹೊಸ ದಲಾಲನಾದ ನನ್ನ ಕೈಗೆ ಆಗ ಬರುತ್ತಿದ್ದ ಮಾಲು ಅದೊಂದೇ.

"ಮತ್ತ... ಅವತ್ತ ಏನೂ ಅನಲಿಲ್ಲಲ್ಲ ನೀನು?"

"ಏನ್ ಅನ್ನೂದ್ರಿ? ನಾನೂ ನಿಮ್ಮನ್ನ ಅದಽ ದರಕ್ಕ ತಗೊಂಡ್ನಿ. ಲಗೂ ಗಾಡಿ ಬಿಡ್ರಿ, ಮಗಳು ಕಾಯಾಕತ್ತಾಳ."

ಮುಖ ಮುಚ್ಚಿಕೊಳ್ಳೋಣವೆಂದು ಹೆಗಲು ತಡವಿದೆ. ವಲ್ಲಿ ಎಲ್ಲಿಯದು? ಡಾಕ್ಟರು ಬಿಡಿಸಿದ್ದರಲ್ಲ!