ಬಾಣಂತನಕ್ಕೆ ಹೋದ ಅಂತರಿಕ್ಷದ ಡಾಕ್ಟರು

ನಮ್ಮ ಸೋದರಮಾವನಿಗೆ ಕಿವಿ ಮಂದವಾಗಿದೆ ಎನ್ನುವುದು ಇಡೀ ಜಯನಗರಕ್ಕೆ ಗೊತ್ತು. ಅವರು ಮಾತ್ರ ಒಪ್ಪುವುದಿಲ್ಲ. ಅವರ ಪ್ರಕಾರ ಕೆಟ್ಟಿರುವುದು ಜಗತ್ತಿನ ಬಾಯಿ. ತರಕಾರಿಯವನು ಗೊಣಗುತ್ತಾನೆ, ಬಸ್ ಕಂಡಕ್ಟರು ಪಿಸುಗುಟ್ಟುತ್ತಾನೆ. ಬೆಂಗಳೂರಿನಲ್ಲಿ ಕಂಡಕ್ಟರು ಪಿಸುಗುಟ್ಟಿದ್ದನ್ನು ನೀವು ಯಾರಾದರೂ ಕೇಳಿದ್ದೀರಾ?

ಇದರಿಂದ ಯಾರಿಗೂ ತೊಂದರೆಯಿರುತ್ತಿರಲಿಲ್ಲ, ಆ ಧಾರಾವಾಹಿ ಒಂದಿಲ್ಲದಿದ್ದರೆ. ಅಂತರಿಕ್ಷ ನೌಕೆಯೊಂದು ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ಇಂಗ್ಲಿಷ್ ಧಾರಾವಾಹಿ. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ಶುರುವಾದದ್ದು, ನನ್ನ ಮಗಳು ಕಾಲೇಜು ಸೇರಿದರೂ ಮುಗಿದಿಲ್ಲ! ಮಾವ ಸಂಧ್ಯಾವಂದನೆ ಬಿಟ್ಟಾರು, ಅದನ್ನು ಬಿಡರು. ಅತ್ತೆಗೆ ಇಂಗ್ಲಿಷ್ ಬಾರದು. ಶನಿವಾರ ಸಂಜೆ ಅವರೆಕಾಯಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂರುತ್ತಾರೆ. ಮಾವ ಒಂದೊಂದು ಮಾತನ್ನೂ ಕನ್ನಡ ಮಾಡಿ ಹೇಳುತ್ತಾರೆ. ಆ ದಂಪತಿಗಳ ಸರಸ ಸಲ್ಲಾಪವೆಂದರೆ ಅದೇ.

ಕಿವಿ ಕೈಕೊಟ್ಟಾಗ ಮೊದಲು ಟೀವಿಯ ಸದ್ದು ಏರಿತು. ಎದುರು ಮನೆಯವರು, ಯಾರೋ ಬೋರ್‌ವೆಲ್ ಕೊರೆಸುತ್ತಿದ್ದಾರೆಂದು ಆಸೆಯಿಂದ ಬಂದರು, ಅಂತರಿಕ್ಷ ಯುದ್ಧವೆಂದು ತಿಳಿದು ನಿರಾಸೆಯಿಂದ ಹಿಂದಿರುಗಿದರು. ಪಾಪ, ಅವರಿಗೆ ನೀರಿನ ಕಷ್ಟ. ಪರದೆಯ ಕೆಳಗೆ ಅಕ್ಷರ ಮೂಡುವಂತೆ ಮಾಡಿಕೊಡುತ್ತೇನೆ ಎಂದು ಕಿರುಚಿ ಹೇಳಿದೆ. ಮಾವ ನನ್ನನ್ನು ಕರುಣೆಯಿಂದ ನೋಡಿದರು.

"ಅದು ಕಿವುಡರಿಗೆ ಕಣಮ್ಮ."

ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಕೇಳಿಸದ್ದನ್ನು ಸ್ವತಃ ಕಟ್ಟಿ ಹೇಳತೊಡಗಿದರು! ಕಿವಿ ಹೋಯಿತೆಂದು ಹೆಂಡತಿಯ ಮುಂದೆ ಒಪ್ಪಿಕೊಂಡರೆ ಮಾನ ಉಳಿಯುತ್ತದೆಯೇ? ಶತ್ರುಗ್ರಹದ ರಾಜ ವಾರಗಟ್ಟಲೆ ಕಾರ್ನರ್ ಸೈಟಿಗಾಗಿ ಜಗಳವಾಡಿದ. ಒಂದು ಸಂಜೆ ನಾನೂ ಇದ್ದೆ. ನೌಕೆಯ ಲೇಡಿ ಡಾಕ್ಟರು ಸತ್ತುಹೋದಳು. ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಆಕಾಶಕ್ಕೆ ತೇಲಿಬಿಟ್ಟರು. ದೂರ ಪ್ರಯಾಣದವರನ್ನು ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿ ಕಳಿಸುವುದು ಆ ಧಾರಾವಾಹಿಯಲ್ಲಿ ಮಾಮೂಲು. ಮಾವನ ತೋಳು ತಟ್ಟಿ ಅತ್ತೆ, ಏನಾಯಿತೆಂದು ಕೈಯಾಡಿಸಿದರು.

"ಬಾಣಂತನಕ್ಕೆ ತವರಿಗೆ ಕಳಿಸ್ತಿದಾರೆ."

ಹಾಗಾದರೆ ಕ್ಯಾಪ್ಟನ್ ಬಿಕ್ಕುತ್ತಿರುವುದೇಕೆ? ಅತ್ತೆ ಕಣ್ಣೊರೆಸುವ ಸನ್ನೆ ಮಾಡಿದರು.

"ಹೆಣ್ಮಗಳನ್ನ ಕಳಿಸುವಾಗ ಅಳಲ್ವೇನೆ?"

ನಾನು ಅಡುಗೆಮನೆಗೆ ಓಡಿಹೋಗಿ ನಕ್ಕೆ.

ಇಷ್ಟರಲ್ಲಿ ಆ ಧಾರಾವಾಹಿ ಕಾಮಿಕ್ಸ್ ಪುಸ್ತಕವಾಗಿ ಬಂತು. ಮಾವನ ಹುಟ್ಟುಹಬ್ಬಕ್ಕೆ ನಾನೇ ತಂದುಕೊಟ್ಟೆ. ಮಕ್ಕಳ ಪುಸ್ತಕ, ಕ್ಯಾಪ್ಟನ್ ಮೂಗು ಬದನೆಕಾಯಿಯಂತಿದೆ ಎಂದು ಮೂಗು ಮುರಿದರು. ಮರುದಿನ ಹೋದರೆ ಪುಸ್ತಕದಿಂದ ತಲೆಯೇ ಎತ್ತಲೊಲ್ಲರು. ಎತ್ತುವುದಾದರೂ ಹೇಗೆ? ಎಲ್ಲರ ಮಾತೂ ಬಾಯಿಯ ಪಕ್ಕದ ಗುಳ್ಳೆಯಲ್ಲಿ ಅಚ್ಚಾಗಿತ್ತು, ಯಾರೂ ಗೊಣಗುವ ಹಾಗಿರಲಿಲ್ಲ! ಶನಿವಾರ ಸಂಜೆ ಟೀವಿ ಬಂದ್, ಕಾಮಿಕ್ಸ್ ಪಾರಾಯಣ ಶುರು. ಎದೆ ಡವಗುಟ್ಟುವ ಜಾಗಕ್ಕೆ ಬಂದಾಗ ಮಾವ ಪುಸ್ತಕ ಮಡಿಸಿ, ಜಾಹೀರಾತು ಎಂದು ಘೋಷಿಸಿ, ಕಾಫಿ ಕೇಳುತ್ತಿದ್ದರು.

ಆದರೆ ಪುಸ್ತಕದಲ್ಲಿದ್ದದ್ದು ಟೀವಿಯಲ್ಲಿ ಬಂದ ಅದೇ ಕಥೆ. ಕಳೆದ ಶನಿವಾರ ನಾನಿದ್ದಾಗಲೇ ಗಾಜಿನ ಪೆಟ್ಟಿಗೆಯ ಪುಟ ಬಂತು. ಮಾವ ಓದುತ್ತ ಓದುತ್ತ ನಿಂತುಬಿಟ್ಟರು. ಅತ್ತೆ ಜಾಹೀರಾತೆಂದುಕೊಂಡು ಕಾಫಿಗೆ ಎದ್ದರು. ಮಾವ ಅವರ ಸೆರಗು ಹಿಡಿದು ಕೂರಿಸಿದರು.

"ಅವಳು ಸತ್ತಿದ್ಲು ಕಣೇ. ನಂಗೆ ಕೇಳಿಸ್ತಿರ್ಲಿಲ್ಲ. ಎಲ್ಲಾ ನಾನೇ ಕಟ್ಟಿ ಹೇಳ್ದೆ."

ನಗುವವಳೆಂದು ಹೆಸರಾದ ನನಗೆ ಆಗ ನಗು ಬರಲಿಲ್ಲ. ಅತ್ತೆ ಬುಟ್ಟಿ ಕೆಳಗಿಟ್ಟು, ಅವರ ಗದ್ದ ಹಿಡಿದು ಮುಖವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಒಂದೊಂದೇ ಮಾತನ್ನು ಬಿಡಿಸಿ, ಜೋರಾಗಿ ಹೇಳಿದರು.

"ನಂಗೆ ಯಾವಾಗ್ಲೋ ಗೊತ್ತು ರೀ. ಕಥೆ ಹೇಗಾದ್ರೂ ಇರ್ಲಿ, ನೀವು ಹೇಳ್ತಿದ್ರಿ, ನಾನು ಕೇಳ್ತಿದ್ದೆ. ಆದ್ರೆ ನಾನು ಹೇಳೋದು ಒಂದೂ ನಿಮ್ಮನ್ನ ಮುಟ್ತಾ ಇಲ್ಲ. ನಂಗೂ ನಿಮ್ಮ ಹತ್ರ ಮಾತಾಡ್ಬೇಕು ಅನ್ಸುತ್ತೆ."

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ, ಮಾವ ಇಸ್ತ್ರಿ ಮಾಡಿದ ಶರ್ಟು ತೊಟ್ಟು ನಮ್ಮ ಮನೆಯ ಮುಂದೆ ನಿಂತಿದ್ದರು.

"ಕಿವಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗಮ್ಮ. ನಿಮ್ಮತ್ತೆಗೆ ಏನೋ ಹೇಳೋದಿದೆಯಂತೆ."