ಕತ್ತಲ ಮೀನಿಗೆ ಉಪ್ಪು ಹಾಕಿ ಉಜ್ಜಿದ್ದು

ದೇವರು ನನಗೆ ಹಾಡಲು ಕಂಠ ಕೊಡಲಿಲ್ಲ, ಓದಲು ತಲೆಯನ್ನೂ ಕೊಡಲಿಲ್ಲ. ಆದರೂ ಬೂತಾಯಿಯೋ ಅಂಜಲೋ, ಶುಚಿ ಮಾಡದ ಮೀನು ಇಂದಿನವರೆಗೆ ನನ್ನ ಫ್ರಿಜ್ಜಿನೊಳಗೆ ಹೋದದ್ದಿಲ್ಲ.

ನಮ್ಮ ಮನೆಯಲ್ಲಿದ್ದುಕೊಂಡು ಮೀನುಗಳ ಬಗ್ಗೆ ಓದುತ್ತಿರುವ ತಂಗಿಯ ಮಗಳು ರೆನಿಟಾ ಒಂದು ಬೆಳಿಗ್ಗೆ ಮೀನಿನ ಬೋಟು ನಿಲ್ಲುವ ಧಕ್ಕೆಯಿಂದ ಪೊಟ್ಟಣ ತಂದಳು.

"ಮೌಶಿ, ಆಳ ಸಮುದ್ರದ ಮೀನು! ಆರು ತಿಂಗಳಿಂದ ಬೋಟಿನವರ ಬೆನ್ನು ಬಿದ್ದಿದ್ದೆ. ಸಂಜೆ ಸರ್‌ಗೆ ತೋರಿಸ್ಲಿಕ್ಕುಂಟು, ನನ್ನ ಇಡೀ ಪ್ರಾಜೆಕ್ಟೇ ಇದು. ಕೆಡದ ಹಾಗೆ ಫ್ರೀಜರಿನಲ್ಲಿಡಿ" ಎಂದವಳೇ ಪರೀಕ್ಷೆಗೆ ಓಡಿದಳು.

ಕೆಡದ ಹಾಗೆ! ಕರುಳು ತೆಗೆಯದ ಮೀನು ಕೆಡದೆ ಇರುತ್ತದೆಯೇ?

ಪೊಟ್ಟಣ ಬಿಚ್ಚಿ ಶಿಲುಬೆಯ ಗುರುತು ಹಾಕಿಕೊಂಡೆ. ಮುಷ್ಟಿಯಷ್ಟು ಮೀನು, ಅದರಲ್ಲಿ ಮುಕ್ಕಾಲು ಬಾಯಿ! ಸೂಜಿಯಂಥ ಹಲ್ಲು, ಹಣೆಯ ಮೇಲೊಂದು ಗಾಳದ ಕಡ್ಡಿ, ಮೈಯೆಲ್ಲ ಮಸಿ. ಪಾಪ, ಯಾವ ಕೊಳಕಿನಲ್ಲಿ ಬಿದ್ದಿತ್ತೋ ಎಂದು ಕಲ್ಲುಪ್ಪು ಹಾಕಿ ಉಜ್ಜಿದೆ. ಮಸಿ ಹೋಗಲಿಲ್ಲ, ಚರ್ಮವೇ ಹೋಯಿತು. ಹಲ್ಲು ಚುಚ್ಚೀತೆಂದು ತಲೆ ತೆಗೆದು ಕಸಕ್ಕೆ ಹಾಕಿದೆ. ಹೊಟ್ಟೆಯೊಳಗಿನದನ್ನೆಲ್ಲ ಬೆಕ್ಕಿಗೆ ಕೊಟ್ಟೆ. ಹೊಟ್ಟೆಯ ಕೆಳಗೆ ನರಹುಲಿಯಂಥದೊಂದು ಅಂಟಿಕೊಂಡಿತ್ತು, ಅದನ್ನೂ ಕೆರೆದೆ. ಅರಿಶಿನ ಸವರಿ ಡಬ್ಬಿಯಲ್ಲಿಟ್ಟಾಗ ಎಂಥ ಸಮಾಧಾನ!

ಮಧ್ಯಾಹ್ನ ರೆನಿಟಾ ಡಬ್ಬಿ ತೆರೆದಳು.

"ಮೌಶಿ, ಇದೆಂತ?"

"ನಿನ್ನ ಮೀನು. ಚೊಕ್ಕ ಮಾಡಿ ಇಟ್ಟಿದ್ದೇನೆ."

ಅವಳು ಅಡುಗೆಮನೆಯ ನೆಲದಲ್ಲೇ ಕುಳಿತಳು. ಬಿಸಿಲೇ ಇಳಿಯದ ಆಳದಲ್ಲಿ ಅದು ಏನು ತಿನ್ನುತ್ತಿತ್ತೆಂದು ಹೊಟ್ಟೆ ನೋಡಿದರೆ ತಿಳಿಯುತ್ತಿತ್ತಂತೆ. ಹಣೆಯ ಕಡ್ಡಿ ದೀಪವಂತೆ. ಮಸಿ, ಕತ್ತಲಲ್ಲಿ ಅಡಗಲು ದೇವರೇ ಕೊಟ್ಟ ಬಣ್ಣವಂತೆ.

"ಹೊಟ್ಟೆಯ ಕೆಳಗೆ ಒಂದು ಗಂಟು ಇತ್ತಲ್ಲ ಮೌಶಿ?"

"ನರಹುಲಿಯಾ? ಕೆರೆದೆ."

"ಅಯ್ಯೋ, ಅದು ಗಂಡು ಮೀನು! ಆ ಕತ್ತಲಲ್ಲಿ ಜೋಡಿ ಸಿಗುವುದೇ ಅಪರೂಪ. ಸಿಕ್ಕಿದರೆ ಕಚ್ಚಿ ಹಿಡಿದು ಹೆಣ್ಣಿನ ಮೈಗೇ ಸೇರಿ ಹೋಗ್ತದೆ. ಮತ್ತೆ ಅದರ ರಕ್ತದಲ್ಲೇ ಬದುಕುವುದು."

ದೇವರು ಕೂಡಿಸಿದ ಜೋಡಿ. ಬಿಡಿಸಿದ್ದು ನಾನು, ಚಮಚದ ಹಿಡಿಯಿಂದ!

ನಮ್ಮ ಯಜಮಾನರು ಕುರ್ಚಿಯಿಂದಲೇ ಕೇಳಿದರು: "ಅಲ್ಲ ಮಾರಾಯ್ತಿ, ಬೇರೆ ಕೆಲಸವೇ ಇಲ್ವಾ ಆ ಗಂಡಿಗೆ? ಅಂಟಿಕೊಂಡು ತಿನ್ನುವುದು ಮಾತ್ರವಾ?"

"ನಿಮಗೆ ಗೊತ್ತಿರ್ಬೇಕಲ್ಲ" ಎಂದೆ.

ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರನ್ನು ನೆನೆದು, ಆ ಗಂಡು ಮೀನಿಗಾಗಿ ಹಸಿ ಕಸದ ಬಕೆಟ್ ಮಗುಚಿದೆವು. "ಸಿಕ್ಕಿತು!" ಎಂದು ನಾನು ಎತ್ತಿಕೊಟ್ಟದ್ದು ಶುಂಠಿಯ ಚೂರು.

ರೆನಿಟಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಸದಲ್ಲಿ ಸಿಕ್ಕಿದ ತಲೆಯೊಂದನ್ನೇ ಬಾಟಲಿಗೆ ಹಾಕಿ, ಕಣ್ಣೊರೆಸಿಕೊಂಡು ಹೋದಳು. ಹುರಿಯಲಿಲ್ಲವಲ್ಲ, ಅಷ್ಟಾದರೂ ದೇವರ ದಯೆ ಎಂದುಕೊಂಡೆ. ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಇಂದಿಗೂ ಅವಳ ಆ ಮುಖ ನೆನಪಾದರೆ ಜಪಸರದ ಎಣಿಕೆ ತಪ್ಪುತ್ತದೆ.

ನಾಲ್ಕು ತಿಂಗಳ ಮೇಲೆ ಅವಳಿಗೆ ಅಂಥದೇ ಇನ್ನೊಂದು ಸಿಕ್ಕಿತು. ದೇವರು ದೊಡ್ಡವನು! ಆದರೆ ಮೀನು ಮನೆಗೆ ಬರಲಿಲ್ಲ.

"ಎಲ್ಲಿಟ್ಟೆ ಮಗಳೇ?"

"ಕಾಟಿಪಳ್ಳದಲ್ಲಿ, ಫ್ರೆಂಡ್ ಮನೆಯಲ್ಲಿ."

"ಅಷ್ಟು ದೂರ ಯಾಕೆ?"

ಅವಳು ನನ್ನ ಮುಖ ನೋಡದೆ ಹೇಳಿದಳು: "ಆ ಮನೆಯಲ್ಲಿ ಯಾರಿಗೂ ಮೀನು ಕ್ಲೀನ್ ಮಾಡ್ಲಿಕ್ಕೆ ಬರುವುದಿಲ್ಲ, ಮೌಶಿ."