ಬೈಯೋರು ಬೇಕಾಗಿದ್ದಾರೆ

ಮನೆಯಲ್ಲಿ ಒಬ್ಬಳು ಸಂಶೋಧನೆ ಮಾಡೋಳು ಇದ್ದರೆ ಇಂಥವು ಆಗ್ತಾನೇ ಇರ್ತವೆ. ಒಂದು ಮುಗೀತಪ್ಪ ಅಂತ ಎಲೆ ಅಡಿಕೆಗೆ ಕೈ ಹಾಕೋದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತೆ.

ಸಂಶೋಧನೆ ಮಾಡೋಳು ನನ್ನ ಮಗಳ ಮಗಳು. ಮೈಸೂರಲ್ಲಿ ಓದ್ತಾಳೆ. ಫೋನಿನೊಳಗೆ ಓಡೋ ಆ್ಯಪ್ ಕಟ್ಟೋದು, ಅದನ್ನ ಜನರ ಕೈಗೆ ಕೊಟ್ಟು ಎಲ್ಲಿ ಎಡವುತ್ತಾರೆ ಅಂತ ನೋಡೋದು, ನೋಡಿ ಸರಿಮಾಡೋದು. ಇದೇ ಅವಳ ಓದು. "ಜನ ಎಡವಾದ ನೋಡ್ಕಂಡ್ ಕೂರಾದೂ ಒಂದ್ ಓದೇನ್ ಮಗಾ?" ಅಂತ ನಾನು ಕೇಳಿದ್ದೆ. "ಎಡವದ ಹಾಗೆ ಮಾಡೋದು ಅಜ್ಜಿ" ಅಂದಳು. ಆಗಲಿ ಅಂದೆ.

ಅವಳು ಕಟ್ಟಿದ ಆ್ಯಪ್ ದನ ಕುರಿ ಸಾಕೋ ಹೆಂಗಸರಿಗೆ. ಫೋನಿನ ಮುಂದೆ "ಹಸು ಮೇವು ಮುಟ್ತಿಲ್ಲ" ಅಂದರೆ ಏನು ಮಾಡಬೇಕು ಅಂತ ಅದೇ ಬಾಯಿಬಿಟ್ಟು ಹೇಳ್ತದೆ. ಗಬ್ಬದ ಲೆಕ್ಕ ಇಟ್ಟುಕೊಂಡು, ಈಯೋ ದಿನ ಹತ್ತಿರ ಬಂದರೆ ಕೂಗಿ ಎಚ್ಚರಿಸ್ತದೆ. ಕಾಯಿಲೆ ಜೋರಾದರೆ ದನದ ಡಾಕ್ಟರಿಗೆ ಫೋನ್ ಹಚ್ತದೆ. ಇದನ್ನ ಮೂರು ಊರಲ್ಲಿ ಹೆಂಗಸರ ಕೈಗೆ ಕೊಟ್ಟು, ತಪ್ಪು ಹುಡುಕಿ, ಗೈಡ್ ಮೇಡಂಗೆ ಒಪ್ಪಿಸಬೇಕು. ಮೇಡಂ ಒಪ್ಪಿದರೆ ಓದು ದಡ ಸೇರ್ತು. ಇಲ್ಲ ಅಂದರೆ ಇಷ್ಟು ವರ್ಷದ್ದೆಲ್ಲ ಕಟ್ಟಿಟ್ಟು ಬೇರೆ ವಿಷಯ ಹಿಡಿದು ಮೊದಲಿಂದ ಶುರು.

ಆ ಮಗು ಮುದ್ದೆ ಮುಂದೆ ಕೂತು ಉಣ್ಣದೆ ಬರೀ ತಟ್ಟೆ ಮೇಲೆ ಗೆರೆ ಎಳೀತಿತ್ತು. "ಹೆಂಗುಸ್ರ ನಾ ಸೇರುಸ್ತೀನಿ, ನೀ ಉಣ್ಣು" ಅಂದೆ. ಅಂದದ್ದೇ ತಡ, ಶುರುವಾಯ್ತು.

ಮುಟ್ಟಂಗಿಲ್ಲ, ಹೇಳಂಗಿಲ್ಲ

ಮೊದಲನೇದು ನಮ್ಮ ಚಿಕ್ಕರಸಿನಕೆರೆಯಲ್ಲೇ, ನಮ್ಮ ಜಗಲಿ ಮೇಲೆ. ಮೊಮ್ಮಗಳು ಒಂದು ಕಟ್ಟಳೆ ಹಾಕಿದಳು. ಫೋನ್ ಹಿಡಿದೋಳು ಒಬ್ಬಳೇ ಒತ್ತಬೇಕು. ಪಕ್ಕದೋರು ಮುಟ್ಟಂಗಿಲ್ಲ, ಹೇಳಂಗಿಲ್ಲ, ಕಣ್ಣಲ್ಲೂ ತೋರಿಸಂಗಿಲ್ಲ. ತಡವರಿಸಿದರೆ ತಡವರಿಸಲಿ. ಎಲ್ಲಿ ತಡವರಿಸ್ತಾರೋ ಅದೇ ಅವಳಿಗೆ ಬೇಕಾದ್ದು.

ಇದು ಆಗೋ ಮಾತಾ ಹೇಳಿ. ನಮ್ಮ ಕಡೆ ಒಬ್ಬಳು ಸೂಜಿಗೆ ದಾರ ಪೋಣಿಸ್ತಿದ್ದರೆ ಸುತ್ತ ಇರೋರೆಲ್ಲ ಕತ್ತು ಚಾಚಿ "ಎಡಕ್ಕೆ, ವಸಿ ಎಡಕ್ಕೆ" ಅಂತೀವಿ.

ಫೋನ್ ಹಿಡಿದದ್ದು ಮೂಲೆಮನೆಯೋಳು. ಬೆರಳು ಹಸುವಿನ ಚಿತ್ರದ ತನಕ ಹೋಯ್ತು, ಹೆದರಿ ಹಿಂದಕ್ಕೆ ಬಂತು. ಕುರಿ ಕಡೆ ಹೋಯ್ತು, ಅಲ್ಲಿಂದಲೂ ವಾಪಸ್ಸು ಬಂತು. ನಾನಂತೂ ಮಾತು ಜಾರಬಾರದು ಅಂತ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ಕೂತಿದ್ದೆ. ಮೊಮ್ಮಗಳು ಒಂದು ಮೂಲೇಲಿ ನಿಂತು ಎಲ್ಲಾನೂ ವಿಡಿಯೋ ಹಿಡೀತಿದ್ದಾಳೆ.

ಆಗ ಮೂಲೆಮನೆಯೋಳ ಭುಜ ಹಾದು ಹಿಂದಿನಿಂದ ಒಂದು ಬೆರಳು ಬಂತು. "ಇಲ್ಲಿ ಕಣಮ್ಮಿ!" ಅಂತ ಒತ್ತೇಬಿಟ್ಟಿತು. "ಅದಲ್ಲ, ಇದು" ಅಂತ ಇನ್ನೊಂದು ಬೆರಳು. ಆಮೇಲೆ ಎಷ್ಟು ಬೆರಳು ಬಂದವೋ ದೇವರೇ ಬಲ್ಲ. ಸುಣ್ಣ ಮೆತ್ತಿದ್ದು ಒಂದು ನಂದು.

ಅಷ್ಟು ಬೆರಳಿಗೆ ಫೋನು ಕಂಗಾಲಾಗಿ ನೆಟ್ಟಗೆ ದನದ ಡಾಕ್ಟರಿಗೆ ಹಚ್ಚಿತು. ಆತ ಅಲ್ಲೇ ಹತ್ತಿರದಲ್ಲಿ ಇದ್ದರಂತೆ. ಪೆಟ್ಟಿಗೆ ಸಮೇತ ಬೈಕಲ್ಲಿ ಬಂದು ಇಳಿದರು. "ಯಾವ ಹಸು? ಏನಾಗಿದೆ?"

ಮೊಮ್ಮಗಳ ಮುಖದಲ್ಲಿ ರಕ್ತ ಇಲ್ಲ. ಸುಮ್ಮಸುಮ್ಮನೆ ಕರೆಸಿದ್ದು ಅಂತ ಗೊತ್ತಾದರೆ ಆ ಡಾಕ್ಟರು ಇನ್ನು ಈ ಆ್ಯಪಿಂದ ಬಂದ ಫೋನ್ ಎತ್ತಾರಾ? ಹೆಂಗಸರು ಮುಖ ಮುಖ ನೋಡಿಕೊಂಡರು. ಕೊನೆಗೆ ಮೂಲೆಮನೆಯೋಳೇ ಧೈರ್ಯ ಮಾಡಿದಳು. "ಬಿಸ್ಲಲ್ಲಿ ಬಂದವ್ರ ಸುಮ್ಕೆ ಕಳ್ಸಕ್ಕಾದದಾ?" ಅಂತ ನನ್ನ ಸೀರೆಯನ್ನ ಮೊಣಕಾಲ ತನಕ ಎತ್ತಿ, "ಇದ ನೋಡಿ ಸಾರ್, ಮಳೆ ಬಂದ್ರೆ ಊದ್ಕತದೆ" ಅಂದಳು.

"ಅಮ್ಮ, ನಾನು ದನದ ಡಾಕ್ಟ್ರು" ಅಂದರು ಅವರು.

"ಅಲ್ಲಾ ಸಾರ್, ನಾಕ್ ಕಾಲಿಂದೇ ನೋಡ್ತೀರಂತೆ, ಎಲ್ಡ್ ಕಾಲಿಂದು ನಿಮ್ಗೊಂದ್ ಕಷ್ಟವಾ?"

ಅಳೋ ಮುಖ

ಎರಡನೇ ಊರು ಯಲಿಯೂರಲ್ಲಿ ಹಾಗಾಗಬಾರದು ಅಂತ ಮೊಮ್ಮಗಳು ಮೊದಲೇ ಹೇಳಿದ್ದಳು. ಅಲ್ಲಿ ನನ್ನ ತಂಗಿ ಮಗಳ ಮನೆ. ಹೆಂಗಸರನ್ನೆಲ್ಲ ಹಿತ್ತಲಲ್ಲಿ ಕೂರಿಸಿ, ಒಬ್ಬೊಬ್ಬರನ್ನೇ ಒಳಕೋಣೆಗೆ ಬಿಡೋ ಕೆಲಸ ನಂದು. ಬಾಗಿಲಲ್ಲಿ ಕೋಲು ಹಿಡಿದು ಕೂತಿದ್ದೆ. ಯಾರ ಬೆರಳೂ ಯಾರ ಮೇಲೂ ಹಾಯಲಿಲ್ಲ. ಈ ಸಲ ಗೆದ್ದೆವು ಅಂದುಕೊಂಡೆ.

ಆ್ಯಪ್ ನೋಡಿ ಮುಗಿಸಿದ ಮೇಲೆ ಕೊನೇಲಿ ಮೂರು ಮುಖ ಬರ್ತವೆ. ನಗೋದು, ಸುಮ್ಮನಿರೋದು, ಅಳೋದು. ಆ್ಯಪ್ ಹಿಡಿಸಿದರೆ ನಗೋ ಮುಖ ಒತ್ತಬೇಕು, ಹಿಡಿಸದಿದ್ದರೆ ಅಳೋ ಮುಖ.

ಎಲ್ಲರೂ ನಗೋ ಮುಖ ಒತ್ತಿದರು. ಕುರಿ ಅಂತ ಹಸು ಒತ್ತಿದೋಳೂ ನಗೋ ಮುಖ. ಫೋನ್ ತಲೆಕೆಳಗೆ ಹಿಡಿದೋಳೂ ನಗೋ ಮುಖ. ಒಬ್ಬಳ ಕೈಲಂತೂ ಆ್ಯಪ್ ಬಾಯೇ ಬಿಟ್ಟಿರಲಿಲ್ಲ. ಮುಖಗಳನ್ನ ತಾನೇ ಹುಡುಕಿಕೊಂಡು ಹೋಗಿ ನಗೋದನ್ನ ಒತ್ತಿ ಬಂದಿದ್ದಳು.

ಮೊಮ್ಮಗಳು ಅವಳ ಮುಂದೆ ಕೂತು ಮೆತ್ತಗೆ ಕೇಳಿದಳು. "ಅತ್ತೆ, ಅದು ಕೆಲಸಾನೇ ಮಾಡ್ಲಿಲ್ವಲ್ಲ. ನಿಮಗೆ ಬೇಜಾರಾಗ್ಲಿಲ್ವಾ?"

"ಆಯ್ತು ಕಣವ್ವ."

"ಮತ್ತೆ ಅಳೋ ಮುಖ ಯಾಕೆ ಒತ್ಲಿಲ್ಲ?"

"ಮನೆಗ್ ಬಂದ ಎಣ್ಣುಡ್ಗಿ ಮುಂದೆ ಅಳೋ ಮೊಕ ಒತ್ತಾರಾ? ನಮ್ಗೇನ್ ಮನುಸ್ತ್ವ ಇಲ್ವಾ?"

ಮೊಮ್ಮಗಳಿಗೆ ತಡೆಯೋಕೆ ಆಗಲಿಲ್ಲ. ಗೋಡೆ ಕಡೆ ತಿರುಗಿ ಅತ್ತೇಬಿಟ್ಟಳು. ಈ ಹೆಂಗಸು ಗಾಬರಿಯಾಗಿ ಫೋನನ್ನ ಕಿತ್ತುಕೊಂಡು ಏನೋ ಮಾಡಿ, ಅವಳ ಬೆನ್ನು ಸವರಿದಳು.

"ಅಳ್ಬ್ಯಾಡ ಕಣವ್ವ. ನಗೋದ್ನೇ ಇನ್ನೊಂದ್ಸಲಿ ಒತ್ತಿವ್ನಿ."

ಮೇಡಂ ಫೋನು

ವಾಪಸ್ಸು ಬರೋವಾಗ ಮದ್ದೂರು ಬಸ್ ಸ್ಟ್ಯಾಂಡಲ್ಲಿ ಮೇಡಂ ಫೋನು ಬಂತು. ಇವಳು "ಹೂಂ ಮೇಡಂ, ಹೂಂ ಮೇಡಂ" ಅಂತ ಅಂತಾ ಕುಗ್ಗಿ ಕುಗ್ಗಿ ಕಲ್ಲು ಬೆಂಚಿನ ತುದಿಗೆ ಬಂದಿದ್ದಳು. ಇನ್ನೊಂದು ಹೂಂ ಅಂದಿದ್ದರೆ ಕೆಳಗೆ ಬೀಳೋಳು. ನಾನು ಫೋನ್ ಇಸ್ಕೊಂಡೆ.

"ನಾ ಇವ್ಳ ಅಜ್ಜಿ ಕಣವ್ವ. ಎಲ್ಲಾರೂ ಚೆಂದಾಗದೆ ಅಂದವ್ರೆ. ಅದ್ರಲ್ ಏನ್ ತಪ್ಪು?"

"ಅಜ್ಜಿ, ಚೆನ್ನಾಗಿದೆ ಅನ್ನೋದನ್ನ ಇಟ್ಕೊಂಡು ನಾನೇನು ಮಾಡ್ಲಿ?" ಮೇಡಂ ದನಿ ಗಟ್ಟಿಯಾಗಿತ್ತು, ಆದರೆ ಕೆಟ್ಟದಾಗಿರಲಿಲ್ಲ. "ಎಲ್ಲಿ ಕಷ್ಟ ಆಯ್ತು ಅಂತ ಜನ ಬಾಯಿಬಿಟ್ಟು ಹೇಳ್ಬೇಕು. ನಾಳೆ ಇವಳು ಇಲ್ಲದಿದ್ದಾಗ್ಲೂ ಅವರು ಇದನ್ನ ಬಳಸ್ತಾರಾ ಅಂತ ಗೊತ್ತಾಗ್ಬೇಕು. ಎರಡು ಊರಾಯ್ತು, ಎರಡೂ ಗೊತ್ತಾಗ್ಲಿಲ್ಲ. ಬಂಡೂರಿಗೆ ನಾನೇ ಬರ್ತೀನಿ. ಅಲ್ಲೂ ಹೀಗೇ ಆದ್ರೆ ಈ ಕೆಲಸ ಇಲ್ಲಿಗೆ ನಿಲ್ಲಿಸೋದೇ ಒಳ್ಳೇದು."

"ಬೈಬೇಕು ಅಷ್ಟೇ ತಾನೆ? ನಾ ಬೈದ್ರೆ ಆಗಾಕಿಲ್ವಾ?"

"ನೀವು ಮನೆಯವರು, ಲೆಕ್ಕಕ್ಕೆ ಬರಲ್ಲ."

ಫೋನ್ ಇಟ್ಟೆ. ಮೊಮ್ಮಗಳು ಬಸ್ಸುಗಳನ್ನ ನೋಡ್ತಾ ಕೂತಿದ್ದಳು, ಯಾವ ಊರಿಂದು ಅಂತಲೂ ಓದ್ತಿರಲಿಲ್ಲ. ನನಗೆ ಒಂದು ಕಡೆ ಸಂಕಟ, ಇನ್ನೊಂದು ಕಡೆ ಅವಮಾನ. ನಮ್ಮ ಸೀಮೆ ಹೆಂಗಸರ ಮೇಲೆ ಏನೇನೋ ದೂರು ಕೇಳಿದ್ದೀನಿ. ಬೈಯೋಕೆ ಬರಲ್ಲ ಅನ್ನೋ ದೂರು ಅದೇ ಮೊದಲು.

ಬಂಡೂರಲ್ಲಿ

ಮಳವಳ್ಳಿ ದಾಟಿ ಬಂಡೂರಿಗೆ ಹೋದೆವು, ಕುರಿಗೇ ಹೆಸರಾದ ಊರು. ಅಲ್ಲಿ ನನ್ನ ತಂಗಿ ಮನೆ. ಮೇಡಂ ಆಗಲೇ ಬಂದು ಪಡಸಾಲೇಲಿ ಕೂತಿದ್ದರು. ಕಾಲೇಜಿಂದ ತಂದ ಫೋನುಗಳನ್ನ ಹೆಂಗಸರಿಗೆ ಒಂದೊಂದು ಹಂಚಿದ್ದಾಯ್ತು. ಹಟ್ಟಿಗೆ ಹೋಗಿ, ಅವರವರ ದನ ಕುರಿ ಮುಂದೆ ನಿಂತು ಮಾತಾಡಿಸಿ ಬಂದರು. ಬಂದು ಸಾಲಾಗಿ ಕೂತರು.

"ಹೇಗಿತ್ತಮ್ಮ?" ಅಂತ ಮೇಡಂ ಕೇಳಿದರು.

"ಚೆಂದಾಗದೆ."

"ಏನಾದ್ರೂ ತೊಂದ್ರೆ ಆಯ್ತಾ?"

"ಇಲ್ಲ ಕಣವ್ವ. ಬೋ ಚೆಂದಾಗದೆ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಆ ಟಿಕ್ ಅನ್ನೋ ಸದ್ದಿಗೆ ಮೊಮ್ಮಗಳು ಕಣ್ಣು ಮುಚ್ಚಿಕೊಂಡಳು.

ನನಗೆ ಎಲ್ಲಿಂದ ಹೊಳೀತೋ ಗೊತ್ತಿಲ್ಲ, ಎದ್ದು ನಿಂತೆ. "ಇಲ್ ಕೇಳ್ರಮ್ಮಿ. ಇದು ನಮ್ಮುಡ್ಗಿ ಮಾಡಿದ್ದು ಅನ್ನಾದ ಮರ್ತ್ಬುಡಿ. ನೀವೀಗ ಬೀಗರ ಊಟಕ್ಕೆ ಓಗ್ಬಂದಿದ್ದೀರಿ ಅಂದ್ಕಳಿ. ಉಂಡಿದ್ದಾಯ್ತು. ಬೀಗರು ದೂರ್ದಲ್ಲವ್ರೆ, ಕೇಳ್ಸಕಿಲ್ಲ. ಈಗೇಳಿ, ಎಂಗಿತ್ತು?"

ಗೊತ್ತಿಲ್ಲದೋರಿಗೆ ಹೇಳ್ತೀನಿ. ನಮ್ಮ ಕಡೆ ಮದುವೆ ಆದಮೇಲೆ ಬೀಗರು ಕರೆದು ಬಾಡೂಟ ಹಾಕ್ತಾರೆ. ಎಷ್ಟು ದೊಡ್ಡದಾಗಿ ಮಾಡಲಿ, ಕೈ ತೊಳೆಯೋ ಜಾಗದಲ್ಲೇ ತಪ್ಪು ಎಣಿಸೋಕೆ ಶುರು. ಉಪ್ಪು ಜಾಸ್ತಿ, ಬರೀ ಮೂಳೆ, ಎಲೆ ಹರಿದಿತ್ತು, ಬಡಿಸೋನ ಮುಖ ಗಂಟು. ಹಾಗೆ ಹೇಳದಿದ್ದರೆ ಉಂಡಿದ್ದು ಅರಗೋದೇ ಇಲ್ಲ.

"ಅಜ್ಜಿ, ಸುಳ್ಳು ಹೇಳ್ಕೊಡಬಾರ್ದು" ಅಂತ ಮೊಮ್ಮಗಳು ನನ್ನ ಸೆರಗು ಎಳೆದಳು.

"ಸುಳ್ಳೆಲ್ ಬಂತು? ಅಂದ್ಕಳಿ ಅಂದೆ." ಮೇಡಂ ಕಡೆ ನೋಡಿದೆ. ಅವರು ಪೆನ್ನಿನ ಮುಚ್ಚಳ ಮತ್ತೆ ತೆಗೀತಾ ಇದ್ದರು.

ಆಮೇಲೆ ತುದೀಲಿ ಕೂತಿದ್ದ ಮುದುಕಿ, ನನ್ನ ತಂಗಿ ಓರಗಿತ್ತಿ, ಗಂಟಲು ಸರಿಮಾಡಿಕೊಂಡಳು. "ಬೀಗರು ಅಂದ್ಮೇಲೆ ಒಂದ್ ಮಾತು. ಅದು ಬಾಯ್ ಬುಡ್ತಿದ್ದಂಗೇ ನಿಮ್ಮ ರಾಸಿಗೆ ಏನಾಗಿದೆ ಅಂತದೆ. ಚೆಂದಾಗಿದ್ದೀಯವ್ವಾ, ಉಂಡ್ಯಾ ಅಂತ ಒಂದ್ ಮಾತ್ ಬ್ಯಾಡ್ವಾ? ಯಾವ್ ಮನೇಲ್ ಬೆಳೀತೋ ಏನೋ."

ಅಷ್ಟು ಸಾಕಾಯ್ತು, ಕಟ್ಟೆ ಒಡೀತು.

"ದನಿ ನೋಡು, ರೈಲ್ವೆ ಟೇಸನ್ನಲ್ಲಿ ಕೂಗ್ದಂಗೆ! ಹಸ ಸಾಯ್ತಾ ಬಿದ್ದಿದ್ರೂ ಅದೇ ದನಿ, ಕರ ಹಾಕುದ್ರೂ ಅದೇ ದನಿ."

"ಏನೇಳುದ್ರೂ ಖಚಿತವೇ, ಖಚಿತವೇ ಅಂತದೆ. ನಾನೇನ್ ಸುಳ್ ಏಳೋಳಾ?"

"ಕೈಯೆಲ್ಲಾ ಸಗಣಿ. ಒತ್ತು ಒತ್ತು ಅಂದ್ರೆ ಎಂಗ್ ಒತ್ಲಿ, ಮೂಗ್ನಲ್ಲಾ?"

"ಅಯ್ಯೋ, ಅದ್ರಲ್ ಬರ್ದಿರೋ ಕುರಿ ನೋಡಕ್ಕ. ಕಾಲು ನೋಡು, ಕಡ್ಡಿ ಕಡ್ಡಿ. ಬಂಡೂರ್ಗೆ ಬಂದು ಇಂಥಾ ಕುರಿ ತೋರ್ಸಾರಾ? ಮಾನ ಬ್ಯಾಡ್ವಾ?"

ಮೊಮ್ಮಗಳು ಬರೀತಾ ಬರೀತಾ ನೆಲದ ಮೇಲೇ ಕೂತಳು. ಮೇಡಂ "ನಿಧಾನ, ಒಬ್ಬೊಬ್ಬರೇ" ಅಂದರೆ ಯಾರು ಕೇಳ್ತಾರೆ? ಬೈಗುಳ ಆ್ಯಪ್ ಮುಗಿಸಿ ಮೇಡಂ ತನಕ ಬಂದಿತ್ತು. "ಈಯಮ್ಮನೂ ಅಷ್ಟೇ, ಕೊಟ್ಟ ಕಾಪಿ ಆರುಸ್ತಾ ಕೂತವ್ಳೆ" ಅಂತ ಯಾರೋ ಅಂದರು. ಮೇಡಂ ಗಟಗಟ ಕುಡಿದು ಲೋಟ ಕೆಳಗಿಟ್ಟರು. ಅವರ ಕಣ್ಣಲ್ಲಿ ಏನೋ ಹೊಳೀತಿತ್ತು.

ಕೊನೇಲಿ ಮೇಡಂ ಕೈ ಎತ್ತಿದರು. "ಇನ್ನೊಂದೇ ಪ್ರಶ್ನೆ. ನಾಳೆ ಇವಳು ಇರಲ್ಲ, ನಾನೂ ಇರಲ್ಲ. ಇದನ್ನ ನೀವು ನಿಜಕ್ಕೂ ಬಳಸ್ತೀರಾ?"

ಎಲ್ಲರೂ ಓರಗಿತ್ತಿ ಮುಖ ನೋಡಿದರು. ಅವಳು ಮೂಗು ಮುರಿದಳು. "ಇದ್ನಾ? ನಿಮ್ ಮುಂದೇನು ಮುಚ್ಚುಮರೆ? ಇದ್ರಲ್ ಒಂದೂ ನೆಟ್ಗಿಲ್ಲ."

ಮೊಮ್ಮಗಳ ಪೆನ್ನು ನಿಂತಿತು. ಅಯ್ಯೋ, ಬೈಸೋಕೆ ಹೋಗಿ ಮಗುವಿನ ಓದನ್ನೇ ಮುಳುಗಿಸಿದೆನಾ ಅಂದುಕೊಂಡೆ. ಮೇಡಂ ಎದ್ದರು. "ಸರಿ. ಫೋನೆಲ್ಲ ವಾಪಸ್ ಇಸ್ಕೋ" ಅಂದರು.

ಮೊಮ್ಮಗಳು ಡಬ್ಬ ಹಿಡಿದು ಸಾಲಿನ ಮುಂದೆ ಬಂದಳು. ಮೊದಲನೆಯೋಳು ಸೂರು ನೋಡಿದಳು. ಎರಡನೆಯೋಳು ಸೆರಗು ಬಿಗಿಯಾಗಿ ಹೊದ್ದುಕೊಂಡಳು. ಮೂರನೆಯೋಳಿಗೆ ಹಟ್ಟೀಲಿ ಕೆಲಸ ನೆನಪಾಗಿ ಎದ್ದಳು. ಸಾಲು ಮುಗಿದರೂ ಡಬ್ಬದೊಳಗೆ ಒಂದೂ ಫೋನು ಬೀಳಲಿಲ್ಲ.

"ಅಜ್ಜಿ, ನಿಮ್ ಫೋನು?" ಅಂತ ಮೊಮ್ಮಗಳು ಓರಗಿತ್ತಿಯ ಮುಂದೆ ನಿಂತಳು. ಅದು ಸೊಂಟದಲ್ಲಿ, ಎಲೆ ಅಡಿಕೆ ಚೀಲದ ಪಕ್ಕ, ಭದ್ರವಾಗಿ ಸಿಕ್ಕಿಸಿಕೊಂಡಿದ್ದು ಎಲ್ಲರಿಗೂ ಕಾಣ್ತಿತ್ತು.

"ಅಮ್ಮ, ಈಗ ತಾನೆ ಒಂದೂ ನೆಟ್ಗಿಲ್ಲ ಅಂದ್ರಲ್ಲ?" ಅಂದರು ಮೇಡಂ.

"ಅಂದೆ. ಈಗ್ಲೂ ಅಂತೀನಿ." ಓರಗಿತ್ತಿ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಬೀಗರ ಊಟ ಬೈಕಂಡ್ ಬೈಕಂಡೇ ಅಲ್ವಾ ಮೂರ್ ಸಲಿ ಬಡಿಸ್ಕಳಾದು? ನಮ್ ಕುರಿ ಇನ್ನೊಂದ್ ವಾರಕ್ಕೆ ಈಯ್ತದೆ ಅಂತ ಇದು ಏಳ್ತು. ನಿಮ್ಗೆ ಬಸ್ಸಿಗ್ ಟೇಮಾಯ್ತು, ನೀವ್ ಒರಡಿ. ಇದು ಇರ್ಲಿ."